ಲೀಡ್ಸ್‌ನಿಂದ ಒಂದು ದಿನದಲ್ಲಿ ನೋಡಿ ಬರೋ ಸಂತೆ ಊರು ಯಾವುದು?

ಪ್ರಶ್ನೆ: ಕೊಬ್ಬರಿ_ಮಂಡಿ

ಎಲ್ಲರಿಗೂ ನಮಸ್ಕಾರ. ಲೀಡ್ಸ್‌ಗೆ ಬಂದು ಮೂರು ವರ್ಷ ಆಯಿತು. ಈಗ ಅಪ್ಪ ಅಮ್ಮ ಬಂದಿದ್ದಾರೆ. ಅಪ್ಪ ತಿಪಟೂರು ಎಪಿಎಂಸಿಯಲ್ಲಿ ಮೂವತ್ತು ವರ್ಷ ಕೊಬ್ಬರಿ ದಲ್ಲಾಳಿ ಆಗಿದ್ದವರು. ಯಾರ್ಕ್‌ನ ದೊಡ್ಡ ಚರ್ಚು ತೋರಿಸಿದೆ, "ಚೆನ್ನಾಗಿದೆ" ಅಂದು ಸುಮ್ಮನಾದರು. ಮಾಲ್‌ಗೆ ಕರೆದುಕೊಂಡು ಹೋದೆ, ಬೆಂಚಿನ ಮೇಲೆ ಕೂತು ತೂಕಡಿಸಿದರು. ಮೊನ್ನೆ ಊಟಕ್ಕೆ ಕೂತಾಗ, "ಅಲ್ವೋ, ಈ ದೇಶದಲ್ಲಿ ಸಂತೆ ಸೇರಲ್ವಾ?" ಅಂತ ಕೇಳಿದರು.

ಹುಡುಕಿದರೆ ಸ್ಕಿಪ್ಟನ್, ನೇರ್ಸ್‌ಬರೋ, ರಿಪನ್ ಹೆಸರು ಸಿಕ್ಕವು. ಮೂರನ್ನೂ ಒಂದೇ ದಿನದಲ್ಲಿ ಮುಗಿಸಬಹುದಾ? ಕಾರಿಲ್ಲ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತೋದು ಕಷ್ಟ. ಮೂವರೂ ಮೊಟ್ಟೆ ಕೂಡ ತಿನ್ನಲ್ಲ. ಸೋಮವಾರ ಇಲ್ಲ ಬುಧವಾರ ರಜೆ ಹಾಕಬಲ್ಲೆ.

ಉತ್ತರ: ಕೀತ್ಲಿ_ಅಕ್ಕ

ಮೂರು ಊರು ಬೇಡ ಮಾರಾಯ. ಬಸ್ಸು, ರೈಲು ಹತ್ತಿ ಇಳಿಯೋದರಲ್ಲೇ ದಿನ ಮುಗಿದುಹೋಗುತ್ತೆ. ನಾನು ಇಲ್ಲಿ ಹದಿನಾರು ವರ್ಷದಿಂದ ಇದ್ದೇನೆ. ಒಂದು ಮಾತು ಹೇಳ್ತೀನಿ: ಊರು ಆಮೇಲೆ, ಮೊದಲು ವಾರ ನೋಡು.

ನಾನು ಬಂದ ಹೊಸದರಲ್ಲಿ ಸೆಟಲ್ ಅನ್ನೋ ಊರಿಗೆ ಹೋಗಿದ್ದೆ. ಫೋಟೋದಲ್ಲಿ ಸಾಲು ಸಾಲು ಅಂಗಡಿ, ಬಣ್ಣದ ಗುಡಾರ ನೋಡಿ ಆಸೆಪಟ್ಟು ಹೋದವಳು. ಹೋಗಿ ನೋಡಿದರೆ ಚೌಕದ ತುಂಬ ಕಾರು ನಿಲ್ಲಿಸಿದ್ದಾರೆ. ಅಲ್ಲಿನ ಸಂತೆ ಮಂಗಳವಾರ, ನಾನು ಹೋಗಿದ್ದು ಬುಧವಾರ. ಒಂದು ಚಹಾ ಕುಡಿದು ವಾಪಸ್ ಬಂದೆ. ರಿಪನ್‌ನದು ಗುರುವಾರ, ನೇರ್ಸ್‌ಬರೋದು ಬುಧವಾರ. ಸ್ಕಿಪ್ಟನ್ ಒಂದೇ ಸೋಮ, ಬುಧ, ಶುಕ್ರ, ಶನಿ ನಾಲ್ಕು ದಿನ ಸೇರುತ್ತೆ.

ಅಪ್ಪನಿಗೆ ಇದನ್ನು ಹೇಳು, ಖುಷಿಪಡ್ತಾರೆ. ಇಲ್ಲಿ ಸಂತೆ ಸೇರಿಸೋಕೆ ಹಿಂದೆ ರಾಜನ ಸನ್ನದು ಬೇಕಿತ್ತು. ಸ್ಕಿಪ್ಟನ್‌ಗೆ ಅದು ಸಿಕ್ಕಿದ್ದು 1204ರಲ್ಲಿ, ಸೆಟಲ್‌ಗೆ 1249ರಲ್ಲಿ. ಪಕ್ಕದ ಊರಿನ ಸಂತೆಗೆ ಏಟು ಬೀಳೋ ಹಾಗೆ ಹೊಸ ಸಂತೆ ಶುರು ಮಾಡಿದರೆ ತಕರಾರು. ಎಷ್ಟು ದೂರ ಇರಬೇಕು ಅನ್ನೋದಕ್ಕೆ 13ನೇ ಶತಮಾನದ ಬ್ರ್ಯಾಕ್ಟನ್ ಅನ್ನೋ ಕಾನೂನು ಪಂಡಿತನ ಹೆಸರಲ್ಲಿ ಒಂದು ಲೆಕ್ಕ ಇದೆ. ಮನುಷ್ಯ ದಿನಕ್ಕೆ 20 ಮೈಲಿ ನಡೀತಾನೆ. ಅದನ್ನು ಮೂರು ಪಾಲು ಮಾಡು. ಒಂದು ಪಾಲು ಹೋಗೋಕೆ, ಒಂದು ವ್ಯಾಪಾರಕ್ಕೆ, ಇನ್ನೊಂದು ಕತ್ತಲಾಗೋ ಮುಂಚೆ ಮನೆ ಸೇರೋಕೆ. ಅಂದರೆ ಆರೂವರೆ ಮೈಲಿ ಚಿಲ್ಲರೆ. ಅದಕ್ಕಿಂತ ಹತ್ತಿರ ಇನ್ನೊಂದು ಸಂತೆ ಬರಬಾರದು. ತಲೆ ಮೇಲೆ ಕುಕ್ಕೆ ಹೊತ್ತು ನಡೆದವರಿಗೆ ಮಾತ್ರ ಹೊಳೆಯೋ ಲೆಕ್ಕ ಅಲ್ವಾ?

ನೀನು ಸೋಮವಾರ ಸ್ಕಿಪ್ಟನ್‌ಗೆ ಹೋಗು. ಲೀಡ್ಸ್‌ನಿಂದ ನೇರ ರೈಲು, ಮುಕ್ಕಾಲು ಗಂಟೆ. ಬೆಳಗಿನ ಗಡಿಬಿಡಿ ಮುಗಿದ ಮೇಲಿನ ಆಫ್‌ಪೀಕ್ ರೈಲಾದರೆ, ಮೂವರು ಒಟ್ಟಿಗೆ ಹೋಗೋದರಿಂದ ಗ್ರೂಪ್‌ಸೇವ್ ಅಂತ ಕೇಳು, ಟಿಕೆಟ್ ದರದಲ್ಲಿ ಮೂರನೇ ಒಂದು ಪಾಲು ಕಡಿಮೆ ಆಗುತ್ತೆ. ಸ್ಟೇಷನ್‌ನಿಂದ ಹೈ ಸ್ಟ್ರೀಟ್‌ಗೆ ಹತ್ತು ನಿಮಿಷದ ನಡಿಗೆ. ಅಮ್ಮನಿಗೆ ಹೇಳು, ಸಂತೆ ಕೂರೋ ಜಾಗದಲ್ಲಿ ಕಲ್ಲು ಹಾಸಿದ್ದಾರೆ, ಚಪ್ಪಲಿ ಬೇಡ, ಶೂ ಹಾಕಲಿ.

ಬೀದಿಯ ತುದಿಯಲ್ಲೇ ಕೋಟೆ. ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ರಾಜನ ಕಡೆಯವರು ಮೂರು ವರ್ಷ ಮುತ್ತಿಗೆ ತಡೆದುಕೊಂಡು 1645ರ ಡಿಸೆಂಬರ್‌ನಲ್ಲಿ ಶರಣಾದರು. ಫಿರಂಗಿ ಗುಂಡಿನ ಪೆಟ್ಟು ತಡೆಯೋಕೆ ಗೋಡೆ ಮೇಲಿಂದ ಕುರಿ ಚರ್ಮ ಇಳಿಬಿಟ್ಟಿದ್ದರು ಅಂತ ಊರವರು ಹೇಳ್ತಾರೆ. ಆಮೇಲೆ ಕೋಟೆಯ ಒಡತಿ ಲೇಡಿ ಆನ್ ಕ್ಲಿಫರ್ಡ್ ಅದನ್ನು ರಿಪೇರಿ ಮಾಡಿಸಿದಳು. 1659ರಲ್ಲಿ ಅವಳು ನೆಟ್ಟ ಯೂ ಮರ ಒಳಗಿನ ಅಂಗಳದಲ್ಲಿ ಈಗಲೂ ಇದೆ. ಮೇಲಿನ ಕೋಣೆಗಳಿಗೆಲ್ಲ ಮೆಟ್ಟಿಲು. ಅಮ್ಮ ಮರದ ಹತ್ತಿರ ಕೂರಲಿ.

ಮುಖ್ಯವಾದದ್ದು ಇನ್ನೂ ಹೇಳಿಲ್ಲ. ಊರ ಹೊರಗೆ ಗಾರ್ಗ್ರೇವ್ ರಸ್ತೆಯಲ್ಲಿ ಕುರಿ, ದನದ ಹರಾಜು ನಡೆಯುತ್ತೆ. ಸ್ಕಿಪ್ಟನ್ ಅನ್ನೋ ಹೆಸರಿನ ಅರ್ಥವೇ ಕುರಿ ಊರು. ಯಾವ ದಿನ ಯಾವ ಹರಾಜು ಅಂತ ಮುಂಚೆ ನೋಡಿಕೊಂಡು ಹೋಗು.

ಉತ್ತರ: ನಿಡ್_ನದಿ

ಅಕ್ಕ ಹೇಳಿದ್ದು ಸರಿ. ಆದರೂ ನಮ್ಮ ನೇರ್ಸ್‌ಬರೋ ಪರವಾಗಿ ಒಂದು ಮಾತು. ಸಂತೆ ಚೌಕದಲ್ಲಿ ಬ್ಲೈಂಡ್ ಜ್ಯಾಕ್‌ನ ಕಂಚಿನ ಪ್ರತಿಮೆ ಬೆಂಚಿನ ಮೇಲೆ ಕೂತಿದೆ. ಹುಟ್ಟಿದ್ದು 1717ರಲ್ಲಿ. ಮಗುವಾಗಿದ್ದಾಗ ಸಿಡುಬು ಬಂದು ಕಣ್ಣು ಹೋಯಿತು. ಆದರೂ ಗುತ್ತಿಗೆ ಹಿಡಿದು ಸುಮಾರು 180 ಮೈಲಿ ರಸ್ತೆ ಮಾಡಿಸಿದ. ಕೋಲಿನಿಂದ ನೆಲ ಕುಟ್ಟಿ ನೋಡಿಯೇ ದಾರಿ ಗೊತ್ತುಮಾಡುತ್ತಿದ್ದನಂತೆ. ಆದರೆ ಕೋಟೆಯಿಂದ ನದಿಗೆ ಇಳಿಯೋ ಮೆಟ್ಟಿಲು ವಿಪರೀತ ಕಡಿದು. ಮಂಡಿನೋವಿನವರು ಮೇಲೇ ನಿಂತು ರೈಲು ಸೇತುವೆಯ ಫೋಟೋ ತೆಗೆದುಕೊಳ್ಳೋದು ವಾಸಿ.

ಉತ್ತರ: ಸುಮ್ನೆ_ಬಂದೆ

ಊಟದ ಬಗ್ಗೆ ಯಾರೂ ಹೇಳಲಿಲ್ಲ. ಆ ಕಡೆ ಹಂದಿ ಮಾಂಸದ ಪೈ ಫೇಮಸ್. ನಿಮಗೆ ಚೀಸ್ ಈರುಳ್ಳಿ ಪೈ ಸಿಗುತ್ತೆ. ಆದರೆ ಮೇಲೆ ಹೊಳಪಿಗೆ ಮೊಟ್ಟೆ ಸವರಿರುತ್ತಾರೆ, ಕೇಳಿ ತಗೊಳ್ಳಿ. ಚೀಸ್ ಕೊಂಡರೂ ಪ್ಯಾಕೆಟ್ ಮೇಲೆ ವೆಜಿಟೇರಿಯನ್ ಅಂತ ಇದೆಯಾ ನೋಡಿ, ಕೆಲವಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ನನ್ನ ಕೇಳಿದರೆ ಪುಳಿಯೋಗರೆ ಕಟ್ಟಿಕೊಂಡು ಹೋಗಿ ಸ್ಕಿಪ್ಟನ್‌ನಲ್ಲಿರೋ ಕಾಲುವೆ ದಡದಲ್ಲಿ ಕೂತು ತಿನ್ನಿ.

ಮತ್ತೆ: ಕೊಬ್ಬರಿ_ಮಂಡಿ

ಹೋಗಿ ಬಂದೆವು! ಸೋಮವಾರ, ಸ್ಕಿಪ್ಟನ್ ಒಂದೇ.

ಸಂತೆಯಲ್ಲಿ ಅಪ್ಪ ಏನನ್ನೂ ಕೊಳ್ಳಲಿಲ್ಲ. ಪ್ರತಿ ಅಂಗಡಿಯಲ್ಲೂ ಬೆಲೆ ಕೇಳಿದರು, ನನ್ನ ಕೈಲಿ ರೂಪಾಯಿಗೆ ಲೆಕ್ಕ ಹಾಕಿಸಿದರು, ಮುಂದೆ ಹೋದರು. ಚೌಕಾಸಿ ಮಾಡೋಕೆ ನೋಡಿದರು, ನಾನು ತೋಳು ಹಿಡಿದು ಎಳೆದುಕೊಂಡೆ. ಅಮ್ಮ ಮಾತ್ರ ಎರಡು ಪೌಂಡಿಗೆ ಒಂದು ಪುದೀನ ಸಸಿ ತಗೊಂಡರು. ಕೋಟೆ ನೋಡೋಕೆ ಅಪ್ಪನಿಗೆ ಇಪ್ಪತ್ತು ನಿಮಿಷ ಸಾಕಾಯಿತು. ಅಮ್ಮ ಆ ಮರದ ಕೆಳಗೆ ಅರ್ಧ ಗಂಟೆ ಕೂತಿದ್ದರು.

ಆಮೇಲೆ ಟ್ಯಾಕ್ಸಿ ಹಿಡಿದು ಹರಾಜಿಗೆ ಹೋದೆವು. ನಡುವೆ ಕಬ್ಬಿಣದ ಕಟಾಂಜನದ ಅಂಗಳ, ಸುತ್ತ ಮೆಟ್ಟಿಲಿನ ಹಾಗೆ ಕೂರೋ ಜಾಗ. ಮರದ ಪುಡಿ, ಒದ್ದೆ ಉಣ್ಣೆ ವಾಸನೆ. ಒಂದು ಬಾಗಿಲಿಂದ ಕುರಿ ಗುಂಪು ಒಳಗೆ, ಇನ್ನೊಂದರಿಂದ ಹೊರಗೆ. ಮೇಲೆ ಕೂತವನು ಉಸಿರು ಬಿಡದೆ ಕೂಗುತ್ತಿದ್ದ, ನನಗಂತೂ ಒಂದು ಅಂಕಿಯೂ ತಿಳಿಯಲಿಲ್ಲ. ಇಂಗ್ಲಿಷ್ ಬಾರದ ಅಪ್ಪ ಮುಂದಕ್ಕೆ ಬಗ್ಗಿ ನೋಡುತ್ತಿದ್ದರು. ಐದು ನಿಮಿಷದಲ್ಲಿ, "ಆ ನೀಲಿ ಸ್ವೆಟರ್‌ನವನು ಹಿಡೀತಾನೆ ನೋಡು" ಅಂದರು. ಅವನಿಗೇ ಆಯಿತು. ಹೇಗೆ ಗೊತ್ತಾಯ್ತು ಅಂದರೆ, "ಬೇಕಾದವನು ಕುರಿ ನೋಡಲ್ಲ, ಪಕ್ಕದವನನ್ನ ನೋಡ್ತಾನೆ."

ಪಕ್ಕದಲ್ಲಿ ಕೋಲು ಹಿಡಿದ ಒಬ್ಬ ವಯಸ್ಸಾದ ರೈತರು ಕೂತಿದ್ದರು. ಅಪ್ಪ, ಅಮ್ಮನ ಶಾಲು ತೆಗೆದುಕೊಂಡು ಆ ರೈತರ ಕೈ ಮೇಲೆ ಹೊದಿಸಿದರು! ಸಿದ್ಧಗಂಗೆ ದನದ ಜಾತ್ರೆಯಲ್ಲಿ ಟವೆಲ್ ಅಡಿಯಲ್ಲಿ ಬೆರಳು ಹಿಡಿದು ರೇಟು ಹೇಳೋದನ್ನ ತೋರಿಸಿದರು. ನಾನು ನಾಚಿಕೆಯಿಂದ ಅನುವಾದ ಮಾಡಿದೆ. ರೈತರು ನಗುತ್ತಾ ಹುಬ್ಬು ಸ್ವಲ್ಪ ಎತ್ತಿ, "ನಮ್ಮದು ಇಷ್ಟೇ" ಅಂದರು. ಕುರಿ ಕಾಯೋ ನಾಯಿಗಳ ಹರಾಜಿನಲ್ಲಿ ಹಳೇ ಗಿನಿ ಲೆಕ್ಕ ಇತ್ತಂತೆ. ಒಂದು ಗಿನಿ ಅಂದರೆ 1 ಪೌಂಡ್ 5 ಪೆನ್ಸ್. ಮಾರಿದವನಿಗೆ ಪೌಂಡು, ಹರಾಜಿನವನಿಗೆ ಐದು ಪೆನ್ಸ್. ಇದನ್ನು ಹೇಳಿದ್ದೇ ತಡ, ಅಪ್ಪ ತೊಡೆ ತಟ್ಟಿ, "ದಲ್ಲಾಳಿ!" ಅಂದರು.

ಅಕ್ಕ, ಈಗ ಮಂಗಳವಾರ ಸೆಟಲ್‌ಗೆ ಹೋಗಬೇಕಂತೆ. ನನಗೆ ರಜೆ ಉಳಿದಿಲ್ಲ. ಆ ಕಡೆ ಕಾರಿನಲ್ಲಿ ಹೋಗೋರು ಯಾರಾದರೂ ಇದ್ದರೆ ತಿಳಿಸಿ, ಒಂದೇ ಸೀಟು ಸಾಕು. ಅಮ್ಮ ಬರಲ್ವಂತೆ.