ಅಳಿಯನ ಮನೆಯ ಹಳೇ ಐರಿಶ್ ಪತ್ರಗಳು – ಬರೆದವಳ ಊರು ಪತ್ತೆ ಮಾಡೋದು ಹೇಗೆ?

ನಿವೃತ್ತ ಟೀಚರ್, ಶಿರಸಿ

ಎಲ್ಲರಿಗೂ ನಮಸ್ಕಾರ. ನನ್ನ ಅಳಿಯ ಅಮೆರಿಕದವ. ಅವನ ತಾಯಿಯ ಕಡೆಯವರು ಮೂಲದಲ್ಲಿ ಐರ್ಲೆಂಡಿನವರು. ಅವರ ಮನೆಯಲ್ಲಿ ಮೂರು ಹಳೇ ಪತ್ರಗಳಿವೆ. ಮಗಳು ಫೋಟೋ ತೆಗೆದು ಕಳಿಸಿ, "ಆಯಿ, ನೀನೇ ಓದಿ ಹೇಳು" ಅಂತ ನನ್ನ ತಲೆಗೆ ಕಟ್ಟಿದ್ದಾಳೆ. ಜೀವನಪೂರ್ತಿ ಇಂಗ್ಲಿಷ್ ಪಾಠ ಮಾಡಿದ ತಪ್ಪಿಗೆ!

ಓದೋದೇ ಒಂದು ಕಸರತ್ತು. ಕಾಗದ ಉಳಿಸಲು ಅಡ್ಡಕ್ಕೆ ಬರೆದು ಮುಗಿಸಿ, ಹಾಳೆ ತಿರುಗಿಸಿ, ಅದೇ ಸಾಲುಗಳ ಮೇಲೆ ಮತ್ತೆ ಬರೆದಿದ್ದಾಳೆ. ನೋಡಿದರೆ ಬಲೆ ಹಾಸಿದ ಹಾಗಿದೆ.

ಬರೆದವಳು 1851ರಲ್ಲಿ ಒಬ್ಬಳೇ ನ್ಯೂಯಾರ್ಕಿಗೆ ಹೋಗಿ ಮನೆಗೆಲಸಕ್ಕೆ ಸೇರಿದ ಹುಡುಗಿ. 1852ರ ಪತ್ರದಲ್ಲಿ ದುಡ್ಡು ಕಳಿಸಿ, ಮೊದಲು ಗೇಣಿ ಕಟ್ಟಿ, ಉಳಿದದ್ದರಲ್ಲಿ ತಂಗಿಗೆ ಜೋಡು ತೆಗೆಸಿ, ಹಸು ಮಾತ್ರ ಮಾರಬೇಡಿ ಅಂತಾಳೆ. 1857ರ ಪತ್ರದೊಳಗೆ ತಮ್ಮನ ಹಡಗಿನ ಟಿಕೆಟ್ ಇತ್ತಂತೆ. ಅಣ್ಣ ಕುಡಿಯೋದು ಬಿಡೋವರೆಗೂ ಅವನಿಗೆ ಟಿಕೆಟ್ ಇಲ್ಲ ಅಂತ ಖಡಾಖಂಡಿತ ಬರೆದಿದ್ದಾಳೆ. ಕೊನೆಯದು 1862ರ ನವೆಂಬರಿನದು. ತಮ್ಮ ಸೈನ್ಯ ಸೇರಿದ್ದಾನೆ, ಅವನ ಸಂಬಳದ್ದೂ ಸೇರಿಸಿ ಕಳಿಸುತ್ತಿದ್ದೇನೆ ಅಂತ ಇದೆ. ಊರಿಗೆ ಯಾವಾಗ ಬರುತ್ತೀ ಅಂತ ತಾಯಿ ಕೇಳಿದ್ದಳು ಅನ್ನಿಸುತ್ತದೆ. ಇವಳು ಅದಕ್ಕೆ ಉತ್ತರ ಕೊಡೋದಿಲ್ಲ. ಮಾಡಿಗೆ ಹೊಸ ಹುಲ್ಲು ಹೊದೆಸಿದಿರಾ ಅಂತ ಕೇಳುತ್ತಾಳೆ.

ತಾಯಿ ತೀರಿದ ಮೇಲೆ ಕಡೇ ತಂಗಿ ಅಮೆರಿಕಕ್ಕೆ ಬರುವಾಗ ಈ ಪತ್ರಗಳನ್ನು ತಂದಳಂತೆ. ಕ್ಲೇರ್ ಜಿಲ್ಲೆ ಅಂತ ಗೊತ್ತು, ಊರು ಯಾವುದು ಗೊತ್ತಿಲ್ಲ. ಇವಳು ತಿರುಗಿ ಹೋಗಲೇ ಇಲ್ಲ. ತಮ್ಮನ ಕಥೆ ಏನಾಯಿತೋ. ಮನೆಯವರು ಹುಡುಗಿಯನ್ನು ದುಡಿಸಿಕೊಂಡರು ಅಂತ ಅಳಿಯನ ಸಿಟ್ಟು. ನಂಗೆ ಹಾಗನ್ನಿಸೋದಿಲ್ಲ. ಯಾರು ಬರಬೇಕು, ಯಾರು ಬೇಡ ಅಂತ ಹೇಳುವವಳೇ ಅವಳು, ಅಲ್ವಾ?

ತೋಟಿಗ, ಸಿದ್ದಾಪುರ

ಅಕ್ಕಾ, ಊರು ಹುಡುಕೋದು ನಂಗೆ ಗೊತ್ತಿಲ್ಲ, ಆದರೆ ಅವಳನ್ನು ಊರು ಬಿಡಿಸಿದ್ದು ಯಾರು ಅಂತ ಗೊತ್ತು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಬಿದ್ದ ರೋಗ ಫೈಟಾಫ್ತೊರ ಅನ್ನೋ, ಶಿಲೀಂಧ್ರದಂಥ ಸೂಕ್ಷ್ಮಜೀವಿಯದು. ನಮ್ಮ ಅಡಿಕೆಗೆ ಕೊಳೆ ತರೋದೂ ಅದೇ ಕುಲದ್ದು, ಜಾತಿ ಬೇರೆ. ಮೋಡ ಕವಿದು ಹನಿ ಬಿಡದೆ ಸುರಿದರೆ ಎರಡಕ್ಕೂ ಹಬ್ಬ. ನಾವು ಮಳೆಗಾಲದಲ್ಲಿ ಬೋರ್ಡೋ ಹೊಡೆದು ಬಚಾವಾಗುತ್ತೇವೆ. ಆ ಮೈಲುತುತ್ತ-ಸುಣ್ಣದ ಮದ್ದು ಗೊತ್ತಾಗಿದ್ದೇ 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ಅಲ್ಲಿಯವರೆಗೆ ಹೊಲದಲ್ಲೇ ಕೊಳೆಯೋದನ್ನು ನೋಡುತ್ತಾ ಕೂರಬೇಕಿತ್ತು. ನಮಗೆ ಅಡಿಕೆ ಹೋದರೆ ದುಡ್ಡು ಹೋಗುತ್ತದೆ. ಅವರಿಗೆ ಮೂರು ಹೊತ್ತಿನ ಊಟವೇ ಆಲೂಗಡ್ಡೆ. ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಜಾಸ್ತಿ ಜನ ದೇಶ ಬಿಟ್ಟರು.

ಹೊನ್ನಾವರದವ, ಈಗ ನ್ಯೂಜೆರ್ಸಿ

ಟೀಚರ್, ನಾನು ಇಲ್ಲಿ ಲೈಬ್ರರಿಯಲ್ಲಿ ಕೆಲಸ ಮಾಡುವವ. ಇಂಥ ಪ್ರಶ್ನೆ ಹಿಡಿದುಕೊಂಡು ಬರುವ ಐರಿಶ್ ಮೂಲದವರನ್ನು ದಿನಾ ನೋಡುತ್ತೇನೆ.

ಹಡಗಿನ ಪಟ್ಟಿಯಿಂದ ಶುರು ಮಾಡಬೇಡಿ. ಆ ಕಾಲದ ಪಟ್ಟಿಯಲ್ಲಿ ಹೆಚ್ಚಾಗಿ "ಐರ್ಲೆಂಡ್" ಅಂತ ಮಾತ್ರ ಇರುತ್ತದೆ. ಐರ್ಲೆಂಡಿನ ಹಳೇ ಜನಗಣತಿಯೂ ಸಿಗೋದಿಲ್ಲ. 1821ರಿಂದ 1851ರವರೆಗಿನದು ಬಹುಪಾಲು 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿ ಸುಟ್ಟಾಗ ಹೋಯಿತು.

ಮನೆಗೆಲಸದವಳು ಅಂದಿರಲ್ಲ, ಹಾಗಾದರೆ ಎಮಿಗ್ರಂಟ್ ಸೇವಿಂಗ್ಸ್ ಬ್ಯಾಂಕ್ ನೋಡಿ. ಐರಿಶ್ ವಲಸಿಗರಿಗಾಗಿಯೇ 1850ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಬ್ಯಾಂಕ್. ಓದು ಬಾರದವರು ತುಂಬ ಇದ್ದರು, ಸಹಿ ನಂಬಿ ದುಡ್ಡು ಕೊಡುವ ಹಾಗಿರಲಿಲ್ಲ. ಹಾಗಾಗಿ ಖಾತೆ ತೆರೆಯುವಾಗಲೇ ಹುಟ್ಟಿದ ಊರು, ಬಂದ ಹಡಗು, ಅಪ್ಪ-ಅಮ್ಮನ ಹೆಸರು, ಒಡಹುಟ್ಟಿದವರು ಎಲ್ಲೆಲ್ಲಿದ್ದಾರೆ, ಯಾರು ತೀರಿಕೊಂಡರು ಅಂತ ಎಲ್ಲ ಕೇಳಿ ಬರೆದಿಟ್ಟುಕೊಳ್ಳುತ್ತಿದ್ದರು. ಮುಂದೆ ದುಡ್ಡು ತೆಗೆಯಲು ಬಂದಾಗ ಅವೇ ಪ್ರಶ್ನೆ ಹಾಕಿ ಇವಳೇ ಹೌದೋ ಅಂತ ನೋಡೋದು. ಆ ಪುಸ್ತಕಗಳು ಈಗ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿವೆ.

ಬಾಸ್ಟನ್ನಿನ 'ಪೈಲಟ್' ಪತ್ರಿಕೆಯನ್ನೂ ನೋಡಿ. 1831ರಿಂದ 1921ರವರೆಗೆ ಕಾಣೆಯಾದ ನೆಂಟರನ್ನು ಹುಡುಕುವ ಜಾಹೀರಾತು ಹಾಕುತ್ತಿದ್ದರು. ಇಂಥ ಊರಿನವ, ಇಂಥ ವರ್ಷ ಹಡಗು ಹತ್ತಿದ, ಕೊನೆಗೆ ರೈಲು ದಾರಿ ಕೆಲಸದಲ್ಲಿದ್ದ, ಅಕ್ಕ ಹುಡುಕುತ್ತಿದ್ದಾಳೆ – ಈ ಥರ. ಓದುತ್ತಾ ಕೂತರೆ ಏಳೋಕೆ ಮನಸ್ಸು ಬರೋದಿಲ್ಲ.

ಇನ್ನು ಗೇಣಿ ಮೊದಲು ಕಟ್ಟಿ ಅಂದಿದ್ದು. ಕ್ಲೇರ್ ಜಿಲ್ಲೆಯಲ್ಲಿ, ಅದರಲ್ಲೂ ಕಿಲ್‌ರಶ್ ಕಡೆ, ಆ ಆಲೂಗಡ್ಡೆ ರೋಗದಿಂದ ಬಂದ ಬರಗಾಲದಲ್ಲಿ ಒಕ್ಕಲುಗಳನ್ನು ಹೊರಹಾಕಿ ಮನೆಗಳನ್ನೇ ಕೆಡವಿದರು. ಮೇಲಿಂದ 1847ರ ಕಾನೂನು ಬೇರೆ: ಕಾಲು ಎಕರೆಗಿಂತ ಜಾಸ್ತಿ ಭೂಮಿ ಇಟ್ಟುಕೊಂಡವರಿಗೆ ಸರ್ಕಾರದ ನೆರವಿಲ್ಲ. ಗಂಜಿ ಬೇಕಾದರೆ ಭೂಮಿ ಬಿಡಬೇಕು. ಅದನ್ನೆಲ್ಲ ನೋಡಿ ಬಂದ ಹುಡುಗಿ ಇನ್ನೇನು ಬರೆದಾಳು?

ಕಡವಾಡ, ಕಾರವಾರ

ತಿರುಗಿ ಹೋಗದೇ ಇದ್ದದ್ದು ವಿಶೇಷವೇನಲ್ಲ. ಯುರೋಪಿನಿಂದ ಹೋದವರಲ್ಲಿ ವಾಪಸ್ ಬಂದವರು ತೀರಾ ಕಡಿಮೆ ಇದ್ದ ಜನರಲ್ಲಿ ಐರಿಶರೂ ಒಬ್ಬರು. ಹೊರಡುವ ಹಿಂದಿನ ರಾತ್ರಿ ಊರವರೆಲ್ಲ ಸೇರಿ, ಸತ್ತವರ ಮನೆಯಲ್ಲಿ ಕೂತ ಹಾಗೆ ಬೆಳಗಿನವರೆಗೆ ಕೂರುತ್ತಿದ್ದರು. ಕುಣಿತವೂ ಇತ್ತು, ಅಳುವೂ ಇತ್ತು. ಬರಗಾಲದ ನಂತರ ಹಿಸ್ಸೆ ಮಾಡೋದೂ ಕಡಿಮೆಯಾಗಿ ಭೂಮಿ ಒಬ್ಬ ಮಗನಿಗೆ ಹೋಗುತ್ತಿತ್ತು. ಉಳಿದವರು ಬಂದು ಎಲ್ಲಿ ಇರೋದು?

ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಹೇಳುತ್ತೇನೆ. ಆ ತಮ್ಮ ಹೋದ ಅಮೆರಿಕದ ಅಂತರ್ಯುದ್ಧದಿಂದಲೇ ಅಲ್ಲಿನ ಹತ್ತಿ ನಿಂತು, ಧಾರವಾಡ ಸೀಮೆಯ ಹತ್ತಿಗೆ ರೇಟು ಬಂತು. ಘಟ್ಟ ಇಳಿದು ಹಡಗು ಹತ್ತುತ್ತಿದ್ದ ಆ ಹತ್ತಿಗೆ ವ್ಯಾಪಾರದಲ್ಲಿ ಹೆಸರೇ 'ಕುಮಟಾ ಹತ್ತಿ'. ಅದೇ 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು.

ನಿವೃತ್ತ ಟೀಚರ್, ಶಿರಸಿ

ಕಡವಾಡದವರೇ, ಸಂಬಂಧ ಇಲ್ಲ ಅಂತ ಹೇಳಿ ಒಳ್ಳೆಯದನ್ನೇ ಹೇಳಿದಿರಿ! ಹೊನ್ನಾವರದ ತಮ್ಮಾ, ಕೊನೇ ಪತ್ರದಲ್ಲಿ ತಮ್ಮನ ಪಲ್ಟಣದ ಸಂಖ್ಯೆ ಇದೆ. ಸಾಲು ಸಾಲಿನ ಮೇಲೆ ಬಿದ್ದು 63ನೋ 69ನೋ ತಿಳಿಯೋದಿಲ್ಲ. ಮುಂದೆ ನ್ಯೂಯಾರ್ಕ್ ಅಂತಿದೆ.

ಹೊನ್ನಾವರದವ, ಈಗ ನ್ಯೂಜೆರ್ಸಿ

ಎರಡನ್ನೂ ಹುಡುಕಿ. ಎರಡೂ ಐರಿಶ್ ಬ್ರಿಗೇಡಿನವೇ, ಅಂದರೆ ಉತ್ತರದ ಸೈನ್ಯದಲ್ಲಿ ಐರಿಶರೇ ಹೆಚ್ಚಿದ್ದ ದಳದವು. ಆ ಪತ್ರದ ಮರುತಿಂಗಳು, 1862ರ ಡಿಸೆಂಬರ್ 13ರಂದು, ಫ್ರೆಡರಿಕ್ಸ್‌ಬರ್ಗ್ ಕದನದಲ್ಲಿ ಈ ಬ್ರಿಗೇಡಿನ ಹತ್ತಿರ ಹತ್ತಿರ ಅರ್ಧ ಜನ ಸತ್ತರು ಇಲ್ಲವೇ ಗಾಯಗೊಂಡರು. ಅವನು ಅಲ್ಲೇ ಹೋದನೋ, ಉಳಿದನೋ, ನೋಡಲೇಬೇಕು.

ಅವನು ಯುದ್ಧದಲ್ಲಿ ಸತ್ತಿದ್ದರೆ ತಾಯಿಯ ಪಿಂಚಣಿ ಫೈಲ್ ಇರಬಹುದು, ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. 1862ರ ಕಾನೂನಿನ ಪ್ರಕಾರ, ಹೆಂಡತಿ-ಮಕ್ಕಳಿಲ್ಲದ ಸಿಪಾಯಿ ಸತ್ತರೆ ಅವನ ದುಡಿಮೆ ನಂಬಿದ್ದ ತಾಯಿಗೆ ತಿಂಗಳಿಗೆ 8 ಡಾಲರ್. ತಾಯಿ ಐರ್ಲೆಂಡಿನಲ್ಲಿದ್ದರೂ ಸಿಗುತ್ತಿತ್ತು. ಆದರೆ ಮಗ ದುಡ್ಡು ಕಳಿಸುತ್ತಿದ್ದ ಅನ್ನೋದಕ್ಕೆ ಸಾಕ್ಷಿ ಬೇಕು. ಪಾಪ, ಎಷ್ಟೋ ತಾಯಂದಿರು ಮಗನ ಕೈಬರಹದ ಪತ್ರಗಳನ್ನೇ ಕಚೇರಿಗೆ ಕೊಟ್ಟುಬಿಟ್ಟರು. ಅವು ಇವತ್ತಿಗೂ ಫೈಲಿನಲ್ಲೇ ಇವೆ. ನಿಮ್ಮ ಹತ್ತಿರ ಅಕ್ಕನ ಪತ್ರ ಮಾತ್ರ ಇದ್ದು ತಮ್ಮನದು ಒಂದೂ ಇಲ್ಲ ಅಂದಾಗ ನಂಗೆ ಮೊದಲು ಹೊಳೆದದ್ದು ಇದೇ. ಅಂಥ ಫೈಲಿನಲ್ಲಿ ನೆರೆಹೊರೆಯವರ ಹೇಳಿಕೆ, ಪಾದ್ರಿಯ ಪತ್ರ ಎಲ್ಲ ಇರುತ್ತದೆ. ತಾಯಿ ಇದ್ದ ಊರೂ ಇರುತ್ತದೆ.

ಊರು ಸಿಕ್ಕಿದ ಮೇಲೆ ಗ್ರಿಫಿತ್ ವ್ಯಾಲ್ಯುಯೇಷನ್ನಿನಲ್ಲಿ ತಂದೆ ಅಥವಾ ಅಣ್ಣನ ಹೆಸರು ನೋಡಿ. 1847ರಿಂದ 1864ರೊಳಗೆ ಯಾರು ಯಾವ ಭೂಮಿ ಹಿಡಿದಿದ್ದರು ಅಂತ ಅದರಲ್ಲಿದೆ. ಆಮೇಲೆ ಚರ್ಚಿನ ನಾಮಕರಣದ ಪುಸ್ತಕ, ಐರ್ಲೆಂಡಿನ ನ್ಯಾಷನಲ್ ಲೈಬ್ರರಿ ವೆಬ್‌ಸೈಟಿನಲ್ಲಿ ಪುಕ್ಕಟೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡೋದು ಅವರ ರೂಢಿ. ಒಂದೇ ಹೆಸರಿನವರು ಹತ್ತು ಜನ ಸಿಕ್ಕಿದಾಗ ಅದು ಉಪಯೋಗಕ್ಕೆ ಬರುತ್ತದೆ. ಮನೆತನದ ಹೆಸರಿನ ಮುಂದಿನ 'ಓ' ಬಿಟ್ಟೂ ಹುಡುಕಿ, ಸೇರಿಸಿಯೂ ಹುಡುಕಿ. ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದುಕೊಳ್ಳುತ್ತಿದ್ದರು.