ತೂಕದ ಮಷಿನ್‌ನಿಂದ ಓದುವಾಗ ಪೈಥಾನ್ ಪ್ರೋಗ್ರಾಂ ಹ್ಯಾಂಗ್ ಆಗುತ್ತಿದೆ

ಮಂಡಿಹುಡುಗ:
ಸಾಗರದ ಒಂದು ಅಡಿಕೆ ಮಂಡಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಉಬುಂಟು, ಪೈಸೀರಿಯಲ್ (ಸೀರಿಯಲ್ ಪೋರ್ಟ್‌ನಿಂದ ಓದುವ ಪೈಥಾನ್ ಲೈಬ್ರರಿ), ಯುಎಸ್‌ಬಿ ಕನ್ವರ್ಟರ್, ವೇಗ 9600 ಬಾಡ್. ಹಳೇ ಮಷಿನ್ ಜೊತೆ ಚೆನ್ನಾಗಿ ನಡೆಯುತ್ತಿತ್ತು. ಹೊಸದು ಬಂದ ಮೇಲೆ, ಒಂದು ಸಾಲು ಓದುವ ರೀಡ್‌ಲೈನ್ ಹತ್ತಿರ ಹೋಗಿ ಸುಮ್ನೆ ನಿಲ್ಲುತ್ತದೆ. ಎರರ್ ಕೂಡ ಇಲ್ಲ. ಪೋರ್ಟ್‌ಗೆ ಬಂದದ್ದನ್ನು ತೆರೆಯ ಮೇಲೆ ತೋರಿಸುವ ಮಿನಿಕಾಮ್‌ನಲ್ಲಿ ಮಾತ್ರ ತೂಕ ಸರಿಯಾಗಿ ಕಾಣುತ್ತದೆ, ಒಂದೇ ಸಾಲಿನಲ್ಲಿ ಬದಲಾಗುತ್ತಾ ಇರುತ್ತದೆ. ಇತ್ತ ಮೂಟೆ ಇಳಿಸುವವರು ನನ್ನನ್ನೇ ನೋಡುತ್ತಾ ನಿಂತಿರುತ್ತಾರೆ!

ಬಿಟ್‌ಭಟ್ಟ:
ಟೈಮೌಟ್, ಅಂದರೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ, ಕೊಟ್ಟಿದ್ದೀರಾ? ಕೊಡದಿದ್ದರೆ ಪೈಸೀರಿಯಲ್ ಎಷ್ಟು ಹೊತ್ತಾದರೂ ಕಾಯುತ್ತದೆ.

ಮಂಡಿಹುಡುಗ:
1 ಸೆಕೆಂಡ್ ಕೊಟ್ಟು ನೋಡಿದೆ. ಮಷಿನ್ ಕಡೆಯ ಕೇಬಲ್ ಕಿತ್ತರೆ ಪ್ರೋಗ್ರಾಂ ಮುಂದೆ ಹೋಗುತ್ತದೆ. ಹಾಕಿದರೆ ಮತ್ತೆ ಅದೇ ಕಥೆ.

ಹಳೇಪೋರ್ಟ್:
ಒಂದೇ ಸಾಲಿನಲ್ಲಿ ಬದಲಾಗುತ್ತದೆ ಅಂದ್ರಲ್ಲ, ಉತ್ತರ ಅಲ್ಲೇ ಇದೆ ಮಾರಾಯ್ರೆ. ಹೊಸ ಮಷಿನ್ ಪ್ರತಿ ತೂಕದ ಕೊನೆಗೆ ಕ್ಯಾರೇಜ್ ರಿಟರ್ನ್ ಮಾತ್ರ ಕಳಿಸುತ್ತಿದೆ, ಅಂದರೆ ಅದೇ ಸಾಲಿನ ಶುರುವಿಗೆ ವಾಪಸ್ ಒಯ್ಯುವ 13ನೇ ಕೋಡ್. ರೀಡ್‌ಲೈನ್ ಕಾಯುವುದು ಮುಂದಿನ ಸಾಲಿಗೆ ಇಳಿಸುವ ಲೈನ್ ಫೀಡ್‌ಗೆ, ಅದು 10. ಅದು ಬರುವುದೇ ಇಲ್ಲ.

ಟೈಮೌಟ್ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ರೀಡ್‌ಲೈನ್ ಒಳಗೊಳಗೇ ಒಂದೊಂದು ಬೈಟ್, ಅಂದರೆ ಇಲ್ಲಿ ಒಂದೊಂದು ಅಕ್ಷರ, ಓದುತ್ತದೆ. ಆ 1 ಸೆಕೆಂಡ್ ಒಂದೊಂದು ಬೈಟ್‌ಗೂ ಹೊಸದಾಗಿ ಶುರುವಾಗುತ್ತದೆ. ಮಷಿನ್ ಬಿಡುವಿಲ್ಲದೆ ಕಳಿಸುತ್ತಿದ್ದರೆ ಟೈಮೌಟ್ ಆಗುವುದು ಯಾವಾಗ? ಕೇಬಲ್ ಕಿತ್ತಾಗ ಮಾತ್ರ!

ರೀಡ್‌-ಅಂಟಿಲ್ ಬಳಸಿ, ಕ್ಯಾರೇಜ್ ರಿಟರ್ನ್ ತನಕ ಓದು ಅಂತ ಹೇಳಿ. ಅದರಲ್ಲಿ ಟೈಮೌಟ್ ಇಡೀ ಓದಿಗೆ ಲೆಕ್ಕ. ಅದಕ್ಕೂ ಮೊದಲು ಬಂದ ಬೈಟ್‌ಗಳನ್ನು ಕಣ್ಣಿಗೆ ಕಾಣದ ಕೋಡ್‌ಗಳನ್ನೂ ತೋರಿಸುವ ರೆಪ್ರ್ ಹಾಕಿ ಪ್ರಿಂಟ್ ಮಾಡಿ ನೋಡಿಕೊಳ್ಳಿ. ನಾನು ಹೇಳಿದೆ ಅಂತ ನಂಬಬೇಡಿ.

ಮಂಡಿಹುಡುಗ:
ಹೌದು ಸರ್, ಬರೀ 13! ಈಗ ಓದುತ್ತಿದೆ. ಆದರೆ ಕೆಲವೊಮ್ಮೆ ಹಿಂದಿನ ಮೂಟೆಯ ತೂಕ ಬರುತ್ತದೆ.

ಹಳೇಪೋರ್ಟ್:
ಇದು ಹ್ಯಾಂಗ್‌ಗಿಂತ ಅಪಾಯ, ಬಿಲ್ ತಪ್ಪಿದರೆ ಬೆಳೆಗಾರರು ಬಿಡ್ತಾರಾ? ನೀವು ಓದದೆ ಇರುವಾಗಲೂ ಮಷಿನ್ ಕಳಿಸುತ್ತಲೇ ಇರುತ್ತದೆ, ಓದುವ ತನಕ ಬೈಟ್ ಕೂಡಿಡುವ ಬಫರ್‌ನಲ್ಲಿ ಹಳೇ ತೂಕ ಕೂತಿರುತ್ತದೆ. ಪ್ರತಿ ಸಲ ಓದುವ ಮೊದಲು ಇನ್‌ಪುಟ್ ಬಫರ್ ರೀಸೆಟ್ ಮಾಡಿ. ಆಮೇಲೆ ಸಿಗುವ ಮೊದಲ ಸಾಲು ಅರ್ಧ ಕತ್ತರಿಸಿರಬಹುದು, 52.40 ಹೋಗಿ 2.40 ಆಗಿರಬಹುದು. ಅದನ್ನು ಎಸೆದು ಎರಡನೆಯದನ್ನು ತೆಗೆದುಕೊಳ್ಳಿ.

ಬಿಟ್‌ಭಟ್ಟ:
ಜೊತೆಗೆ ಒಂದೇ ತೂಕ ಸತತ ಮೂರು ಸಲ ಬಂದರೆ ಮಾತ್ರ ಬಿಲ್‌ಗೆ ಹಾಕಿ. ಮೂಟೆ ಇಟ್ಟ ತಕ್ಷಣ ಅಂಕಿ ಅಲುಗಾಡುತ್ತಲೇ ಇರುತ್ತದೆ, ಅಲ್ವಾ?