ಕಥೆಯೊಳಗಿನ ಸಾವು ಕೆಲವೆಡೆ ತಟ್ಟುತ್ತದೆ, ಕೆಲವೆಡೆ ತಟ್ಟುವುದಿಲ್ಲ. ಏಕೆ?

ಅಂಚೆಪೆಟ್ಟಿಗೆ:
ಹತ್ತು ಪುಟ ಗೋಳಾಟ ಬರೆದರೂ ಕೆಲವು ಕಾದಂಬರಿಗಳಲ್ಲಿ ಸಾವು ಓದುಗರನ್ನು ಮುಟ್ಟುವುದಿಲ್ಲ. ಇನ್ನು ಕೆಲವು ಕಡೆ ಒಂದೇ ಸಾಲಿನಲ್ಲಿ ಹೋದವರು ವರ್ಷಗಟ್ಟಲೆ ಮನಸ್ಸಿನಲ್ಲಿ ಉಳಿಯುತ್ತಾರೆ. ಇದನ್ನು ‘ಪ್ರತಿಭೆ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ, ಕಥೆ ಕಟ್ಟುವ ರೀತಿಯಲ್ಲೇ ಏನೋ ಇದೆ. ಸಾವನ್ನು ಮೊದಲಲ್ಲಿ ಇಡುವುದಕ್ಕೂ ಕೊನೆಯಲ್ಲಿ ಇಡುವುದಕ್ಕೂ ವ್ಯತ್ಯಾಸ ಏನು? ಉಳಿದವರ ದುಃಖವನ್ನು ಎಷ್ಟು ಹೇಳಬೇಕು, ಎಷ್ಟು ಬಿಡಬೇಕು? ಬಲ್ಲವರು ಉದಾಹರಣೆ ಸಮೇತ ವಿವರಿಸಿ. ‘ಮನಮುಟ್ಟುವಂತೆ ಬರೆಯಿರಿ’ ಎಂಬ ಉತ್ತರ ದಯವಿಟ್ಟು ಬೇಡ.

ಹಳೆಹೊತ್ತಗೆ:
ಮೊದಲು ಜಾಗದ ಮಾತು. ಸಾವು ಕೊನೆಗೆ ಬರುವ ಕಥೆಯಲ್ಲಿ ಓದುಗ ಕಾಯುವುದು ‘ಉಳಿಯುತ್ತಾನೋ ಇಲ್ಲವೋ’ ಎಂದು. ಮೊದಲ ಪುಟದಲ್ಲೇ ಬಂದರೆ ಆ ಕುತೂಹಲ ಅಲ್ಲಿಗೇ ತೀರುತ್ತದೆ. ಆಮೇಲೆ ‘ಇವರೆಲ್ಲ ಈಗ ಏನು ಮಾಡುತ್ತಾರೆ’ ಎಂಬುದೇ ಕಥೆ.

ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ ‘ಇವಾನ್ ಇಲಿಚ್‌ನ ಸಾವು’ ಕೃತಿಯನ್ನು ಈ ದೃಷ್ಟಿಯಿಂದ ಬಿಡಿಸಿ ನೋಡಿ. ಒಟ್ಟು 12 ಅಧ್ಯಾಯ. ಮೊದಲನೆಯದರಲ್ಲೇ ಆತ ಸತ್ತಿದ್ದಾನೆ. ಸಹೋದ್ಯೋಗಿಗಳ ತಲೆಯಲ್ಲಿ ಓಡುವುದು ಖಾಲಿಯಾದ ಹುದ್ದೆ ಯಾರಿಗೆ ಎಂಬ ಲೆಕ್ಕ. ಮಾತಾಡಿಸಲು ಬಂದ ಗೆಳೆಯ ಕೂತ ಮೆತ್ತನೆ ಪೀಠದ ಸ್ಪ್ರಿಂಗು ಕೆಟ್ಟಿದೆ, ಅದು ಅವನನ್ನು ಮತ್ತೆ ಮತ್ತೆ ಮೇಲಕ್ಕೆ ದೂಡುತ್ತದೆ. ಎದುರಿಗೆ ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ಸರ್ಕಾರದಿಂದ ಇನ್ನೂ ಸ್ವಲ್ಪ ಹಣ ಬರುವ ದಾರಿ ಇದೆಯೇ ಎಂದು ವಿಚಾರಿಸುತ್ತಾಳೆ. ಎರಡನೆಯ ಅಧ್ಯಾಯದಿಂದ ಅವನ ಬದುಕು ಶುರು. ಲೋಕ ಅವನನ್ನು ಎಷ್ಟು ಬೇಗ ಪಕ್ಕಕ್ಕಿಟ್ಟಿತು ಎಂಬುದು ಮೊದಲೇ ಗೊತ್ತಿರುವುದರಿಂದ ಉಳಿದ 11 ಅಧ್ಯಾಯಗಳ ಪ್ರತಿ ಬಡ್ತಿ, ಪ್ರತಿ ಪೀಠೋಪಕರಣ ಬೇರೆ ತೂಕದಲ್ಲಿ ಕಾಣುತ್ತದೆ. ಇದೇ ಘಟನೆಗಳನ್ನು ನೇರ ಕಾಲಕ್ರಮದಲ್ಲಿ ಹೇಳಿದ್ದರೆ ಒಬ್ಬ ನ್ಯಾಯಾಧೀಶನ ಕಾಯಿಲೆಯ ಕಥೆ ಆಗುತ್ತಿತ್ತು.

ಅನಂತಮೂರ್ತಿಯವರ ‘ಸಂಸ್ಕಾರ’ವೂ (1965) ಸಾವಿನಿಂದಲೇ ತೆರೆದುಕೊಳ್ಳುತ್ತದೆ, ಆದರೆ ಅಲ್ಲಿಯ ಯಂತ್ರ ಬೇರೆ. ನಾರಣಪ್ಪನ ಹೆಣ ಮನೆಯಲ್ಲಿ ಬಿದ್ದಿದೆ, ಅದಕ್ಕೊಂದು ಗತಿ ಕಾಣುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಶಾಸ್ತ್ರದ ಪ್ರಶ್ನೆಗೆ ಹಸಿವು ಗಡುವು ಹಾಕಿದೆ. ಸತ್ತವನ ಬಗ್ಗೆ ಅಗ್ರಹಾರದ ಬ್ರಾಹ್ಮಣರಿಗೆ ಪ್ರೀತಿ ಇಲ್ಲದಿದ್ದರೂ ಅವನ ಸಾವು ಎಲ್ಲರನ್ನೂ ಒರೆಗೆ ಹಚ್ಚುವುದು ಈ ಗಡುವಿನಿಂದ.

ನಡುವೆ ಇಡುವುದು ಎಲ್ಲಕ್ಕಿಂತ ಕಷ್ಟ. ವರ್ಜೀನಿಯಾ ವುಲ್ಫ್ 1927ರ ‘ಟು ದ ಲೈಟ್‌ಹೌಸ್’ನಲ್ಲಿ ಅರ್ಧಕ್ಕೂ ಹೆಚ್ಚು ಭಾಗವನ್ನು ಒಂದೇ ದಿನಕ್ಕೆ ಕೊಟ್ಟು, ಶ್ರೀಮತಿ ರಾಮ್ಸೆಯ ಮನಸ್ಸಿನೊಳಗೇ ನಮ್ಮನ್ನು ಕೂರಿಸುತ್ತಾರೆ. ಆಮೇಲೆ ಅವಳ ಸಾವನ್ನು ಚೌಕ ಆವರಣ ಚಿಹ್ನೆಯೊಳಗೆ ಒಂದು ವಾಕ್ಯದಲ್ಲಿ ಮುಗಿಸುತ್ತಾರೆ, ಅದೂ ಗಂಡ ಚಾಚಿದ ತೋಳು ಬರಿದಾಗಿಯೇ ಉಳಿದ ಸಂಗತಿಗೆ ಕಾರಣವಾಗಿ, ಹಾದುಹೋಗುವಂತೆ. ಇದನ್ನು ಅನುಕರಿಸುವವರು ಎಡವುವ ಜಾಗ ಒಂದೇ: ಆವರಣ ಇರುತ್ತದೆ, ಅದರ ಹಿಂದಿನ ಆ ನೂರಾರು ಪುಟಗಳ ಸಹವಾಸ ಇರುವುದಿಲ್ಲ. ಆಗ ಅದು ಬರೀ ಸುದ್ದಿ.

ಷಟ್ಪದಿ:
ಮೇಲಿನದಕ್ಕೆ ಒಂದು ತಕರಾರು. ಜಾಗ ಮುಖ್ಯವೇ, ಆದರೆ ಉಳಿದವರ ಕೈಗೆ ಒಂದು ಕೆಲಸ ಕೊಡದಿದ್ದರೆ ಯಾವ ಜಾಗವೂ ಉಪಯೋಗಕ್ಕೆ ಬರುವುದಿಲ್ಲ.

ನಮ್ಮ ಕಾವ್ಯಮೀಮಾಂಸೆ ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಕರುಣರಸದ ಸ್ಥಾಯಿ, ಅಂದರೆ ಅದರ ತಳದಲ್ಲಿ ನಿಲ್ಲುವ ಭಾವ, ಶೋಕ. ಆದರೆ ಶೋಕವನ್ನು ‘ಶೋಕ’ ಎಂದು ಹೆಸರಿಟ್ಟು ಕರೆದರೆ ರಸ ಹುಟ್ಟುವುದಿಲ್ಲ. ಭಾವಕ್ಕೆ ಕಾರಣವಾಗುವ ವಿಭಾವ ಬೇಕು, ಅದು ಮೈಯಲ್ಲಿ, ನಡೆಯಲ್ಲಿ ಹೊರಗೆ ಕಾಣುವ ಅನುಭಾವ ಬೇಕು. ‘ಅವಳು ದುಃಖದ ಕಡಲಲ್ಲಿ ಮುಳುಗಿದಳು’ ಎಂಬ ಸಾಲು ಸೋಲುವುದು ಇಲ್ಲೇ. ನಾಟ್ಯಶಾಸ್ತ್ರ ಹೇಳುವ ಸಾತ್ತ್ವಿಕ ಭಾವಗಳು, ಅಂದರೆ ಮನಸ್ಸು ಕಲಕಿದಾಗ ಮೈ ತಾನಾಗಿ ತೋರುವ ಗುರುತುಗಳು, 8: ಸ್ತಂಭ (ಮರಗಟ್ಟುವುದು), ಸ್ವೇದ (ಬೆವರು), ರೋಮಾಂಚ, ಸ್ವರಭೇದ (ದನಿ ಬದಲಾಗುವುದು), ಕಂಪನ, ಬಣ್ಣಗೆಡುವುದು, ಕಣ್ಣೀರು, ಮೂರ್ಛೆ. ಸಾವಿನ ಮನೆಯನ್ನು ಬರೆಯುವ ಹೆಚ್ಚಿನವರು ಏಳನ್ನು ಬಿಟ್ಟು ಕಣ್ಣೀರೊಂದನ್ನೇ ಹಿಡಿಯುತ್ತಾರೆ. ಗಂಟಲು ಕಟ್ಟಿ ದನಿ ಬದಲಾದ ಹೆಂಗಸು ಬಂದವರಿಗೆ ಚಾಪೆ ಹಾಸುತ್ತಿದ್ದರೆ ಸಾಕು.

ರಾಘವಾಂಕನ ಹರಿಶ್ಚಂದ್ರ ಕಾವ್ಯದ ಚಂದ್ರಮತಿಯನ್ನು ನೋಡಿ. ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ಸುಡುಗಾಡಿಗೆ ಬರುತ್ತಾಳೆ. ಕಾಯುವವನು ತೆರೆ (ಸುಡುಗಾಡಿನ ಸುಂಕ) ಕೊಡದೆ ಸುಡುವಂತಿಲ್ಲ ಎನ್ನುತ್ತಾನೆ. ಕಾಯುವವನು ಅವಳ ಗಂಡನೇ. ಪ್ರಲಾಪ ಎಷ್ಟು ಉದ್ದವಿದ್ದರೂ ಅದು ಜಾಳಾಗದಿರುವುದಕ್ಕೆ ಕಾರಣ ಆ ತೆರೆ: ಅಳುವವಳ ಮುಂದೆ ದಾಟಲಾಗದ ಒಂದು ಅಡ್ಡಿ ನಿಂತಿದೆ. ಗ್ರೀಕ್ ಮಹಾಕಾವ್ಯ ಇಲಿಯಡ್‌ನ 24ನೆಯ ಸರ್ಗದಲ್ಲೂ ಹಾಗೆಯೇ. ಮಗ ಹೆಕ್ಟರನ ದೇಹ ಕೇಳಲು ಬಂದ ಮುದುಕ ಪ್ರಿಯಾಮ್, ಕೊಂದವನಾದ ಅಕಿಲೀಸನ ಜೊತೆ ದಿನಗಳ ಲೆಕ್ಕ ಕುದುರಿಸುತ್ತಾನೆ: 9 ದಿನ ಅಳುತ್ತೇವೆ, 10ನೆಯ ದಿನ ಸಂಸ್ಕಾರ, 11ನೆಯ ದಿನ ಗುಡ್ಡೆ ಕಟ್ಟುತ್ತೇವೆ, 12ನೆಯ ದಿನ ಬೇಕೆಂದರೆ ಯುದ್ಧ. ಒಂದು ವಿಶೇಷಣವೂ ಬೇಡದ ಶೋಕ ಅದು.

ಕರುಣಕ್ಕೂ ವಿಪ್ರಲಂಭಕ್ಕೂ (ಅಗಲಿದ ಪ್ರೇಮಿಗಳ ಶೃಂಗಾರ) ಶಾಸ್ತ್ರ ಮಾಡುವ ಭೇದವೂ ಬರೆಯುವವರಿಗೆ ತುಂಬ ಉಪಯುಕ್ತ. ವಿಪ್ರಲಂಭದಲ್ಲಿ ಮತ್ತೆ ಸೇರುವ ಆಸೆ ಇದೆ, ಕರುಣದಲ್ಲಿ ಇಲ್ಲ. ಸತ್ತೊಡನೆ ಉಳಿದವರು ಕರುಣಕ್ಕೆ ಬಂದುಬಿಡುವುದಿಲ್ಲ, ಇನ್ನೂ ಎದ್ದಾನು ಎಂಬ ವಿಪ್ರಲಂಭದಲ್ಲೇ ಇರುತ್ತಾರೆ. ಆ ದಾರಿಯನ್ನು ತೋರಿಸಬೇಕು. ಹಳೆಯ ಮೆಸೊಪೊಟೇಮಿಯಾದ ಮಹಾಕಾವ್ಯದಲ್ಲಿ ರಾಜ ಗಿಲ್ಗಮೆಶ್, ಸತ್ತ ಗೆಳೆಯ ಎಂಕಿಡುವನ್ನು 6 ಹಗಲು 7 ರಾತ್ರಿ ಮಣ್ಣಿಗೆ ಕೊಡುವುದಿಲ್ಲ. ಮೂಗಿನಿಂದ ಹುಳು ಬಿದ್ದಾಗ ಬಿಡುತ್ತಾನೆ. ಆಸೆ ಕಡಿದದ್ದು ಉಪದೇಶವಲ್ಲ, ಹುಳು.

ಅಂಚೆಪೆಟ್ಟಿಗೆ:
ಇಬ್ಬರಿಗೂ ಧನ್ಯವಾದ. ಇನ್ನೊಂದು ಸಂದೇಹ. ಕನ್ನಡದಲ್ಲಿ ಸಾವಿಗೆ ಇಷ್ಟೊಂದು ಕ್ರಿಯಾಪದಗಳಿವೆಯಲ್ಲ, ಯಾವುದನ್ನು ಎಲ್ಲಿ ಬಳಸಬೇಕು?

ಪದಸಂಚಿ:
ಯಾರ ಬಾಯಲ್ಲಿ ಎಂಬುದರ ಮೇಲೆ ಹೋಗುತ್ತದೆ. ‘ನಿಧನರಾದರು’, ‘ಅಸುನೀಗಿದರು’ ಪತ್ರಿಕೆಯ ಮಾತು. ತಾಯಿಯೊಬ್ಬಳು ‘ನನ್ನ ಮಗ ನಿಧನನಾದ’ ಎಂದರೆ ಕಥೆ ಅಲ್ಲೇ ಬಿತ್ತು. ‘ಮಡಿದ’ ರಣರಂಗದ್ದು. ‘ತೀರಿಕೊಂಡರು’ ಗೌರವದ ಮಾತು, ಒಳಗೆ ಲೆಕ್ಕ ಮುಗಿದ ಧ್ವನಿಯೂ ಇದೆ, ಸಾಲ ತೀರುವುದೂ ಅದೇ ಧಾತುವಿನಿಂದ ತಾನೇ. ‘ಸತ್ತ’ ಒಣ ಸತ್ಯ. ಹಿರಿಯರ ಬಗ್ಗೆ ಹೊರಗಿನವರು ಹಾಗೆಂದರೆ ಒರಟು, ಆದರೆ ನಿರೂಪಕ ತಣ್ಣಗೆ ಹೇಳಬೇಕಾದಲ್ಲಿ ಅದಕ್ಕಿಂತ ಒಳ್ಳೆಯ ಪದವಿಲ್ಲ. ‘ಹೋದ’ ಮತ್ತು ‘ಹೋಗಿಬಿಟ್ಟ’ ನಡುವೆ ಇನ್ನೂ ದೊಡ್ಡ ಅಂತರ: ‘ಬಿಡು’ ಸೇರಿದಾಗ ಅನಿರೀಕ್ಷಿತತೆಯ ಜೊತೆಗೆ, ನಮ್ಮನ್ನು ಬಿಟ್ಟು ಹೋದ ಎಂಬ ದೂರೂ ಸೇರುತ್ತದೆ.

ಕ್ರಿಯಾಪದಕ್ಕಿಂತ ಕಾಲರೂಪ ಹೆಚ್ಚು ಕೆಲಸ ಮಾಡುತ್ತದೆ. ‘ಅವನಿಗೆ ಕಿಟಕಿ ತೆರೆದೇ ಇರಬೇಕು’ ಎನ್ನುತ್ತಿದ್ದ ತಂಗಿ ಮೂರು ಅಧ್ಯಾಯ ದಾಟಿದ ಮೇಲೆ ಒಮ್ಮೆ ‘ತೆರೆದೇ ಇರಬೇಕಿತ್ತು’ ಎನ್ನಲಿ. ಆ ‘ಇತ್ತು’ ಬಂದ ಜಾಗವೇ ಅವಳು ಸಾವನ್ನು ಒಪ್ಪಿದ ಜಾಗ. ಅದನ್ನು ವಿವರಿಸುವ ಸಾಲು ಪಕ್ಕದಲ್ಲಿ ಬಂದರೆ ಕೆಟ್ಟಿತು. ಹಾಗೆಯೇ ‘ಅವರನ್ನು ಎತ್ತಿ’ ಎನ್ನುವುದು ಯಾವಾಗ ‘ಹೆಣ ಎತ್ತಿ’ ಆಗುತ್ತದೆ, ಮೊದಲು ಯಾರು ಹಾಗೆ ಹೇಳುತ್ತಾರೆ ಎಂಬುದನ್ನೂ ಬರೆಯುವ ಮುಂಚೆ ನಿರ್ಧರಿಸಿಕೊಳ್ಳಿ. ಸಾಮಾನ್ಯವಾಗಿ ಅದು ಹತ್ತಿರದವರ ಬಾಯಿಂದ ಬರುವುದಿಲ್ಲ.

ಎಷ್ಟು ಬಿಡಬೇಕು ಎಂಬುದಕ್ಕೆ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಓದಿ. ಮಗುವಿನ ಸಾವಿನ ಕವನ, ಆದರೆ ಇಡೀ ಕವನದ ಕಣ್ಣು ಹೆಂಡತಿಯ ನೋಟದ ಮೇಲೆ. ಅವಳು ಅಳುತ್ತಿಲ್ಲ, ಹುಸಿನಗೆ ನಗುತ್ತಿದ್ದಾಳೆ. ಅಳಬೇಕೆಂದರೆ ಅತ್ತುಬಿಡು ಎಂದು ಗಂಡನೇ ಬೇಡಿಕೊಳ್ಳಬೇಕಾಗಿದೆ.

ಕೊಳದಂಡೆ:
ಸಾವಿನ ‘ಅರ್ಥ’ದ ಬಗ್ಗೆ ಒಂದು ಮಾತು, ಏಕೆಂದರೆ ಹಸ್ತಪ್ರತಿಗಳು ಹೆಚ್ಚಾಗಿ ಹಾಳಾಗುವುದು ಇಲ್ಲಿ. ಹಿರಿಯ ಪಾತ್ರವೊಂದು ಬಂದು ನಾಲ್ಕು ತತ್ತ್ವದ ಮಾತು ಹೇಳಿ ಹೋಗುತ್ತದೆ. ತತ್ತ್ವ ಬರಬಾರದೆಂದಲ್ಲ. ಹೇಳುವವನ ಬುಡಕ್ಕೇ ಬೆಂಕಿ ಬಿದ್ದಿರಬೇಕು. ಯಕ್ಷಪ್ರಶ್ನೆಯಲ್ಲಿ, ದಿನವೂ ಜೀವಿಗಳು ಯಮನಲ್ಲಿಗೆ ಹೋಗುತ್ತಿದ್ದರೂ ಉಳಿದವರು ತಾವು ಶಾಶ್ವತವೆಂದುಕೊಳ್ಳುವುದೇ ಆಶ್ಚರ್ಯ ಎಂದು ಧರ್ಮರಾಯ ಹೇಳುವಾಗ ಅವನ ನಾಲ್ವರು ತಮ್ಮಂದಿರೂ ಕೊಳದ ದಂಡೆಯಲ್ಲಿ ಸತ್ತು ಬಿದ್ದಿದ್ದಾರೆ. ಆ ದೃಶ್ಯದಿಂದ ಬಿಡಿಸಿ ಹೇಳಿದರೆ ಅದು ಕ್ಯಾಲೆಂಡರಿನ ಸುಭಾಷಿತ.

ಇನ್ನೂ ಮುಖ್ಯವಾದದ್ದು ಅದರ ಮುಂದಿನ ಹೆಜ್ಜೆ. ಒಬ್ಬನನ್ನು ಬದುಕಿಸುತ್ತೇನೆ, ಯಾರು ಬೇಕು ಎಂದು ಯಕ್ಷ ಕೇಳುತ್ತಾನೆ. ಭೀಮಾರ್ಜುನರನ್ನು ಬಿಟ್ಟು ನಕುಲನನ್ನು ಕೇಳುತ್ತಾನೆ ಧರ್ಮರಾಯ, ಕುಂತಿಗೆ ತಾನೊಬ್ಬ ಉಳಿದಿದ್ದೇನೆ, ಮಾದ್ರಿಗೂ ಒಬ್ಬ ಉಳಿಯಲಿ ಎಂದು. ನಿಮ್ಮ ಕಥೆಯಲ್ಲಿ ತತ್ತ್ವದ ಸಾಲು ಬಂದಿದ್ದರೆ ಅದಾದ ಒಂದೆರಡು ಪುಟದೊಳಗೆ ಆ ಪಾತ್ರ ಏನನ್ನು ಆರಿಸಿಕೊಂಡಿತು, ಏನನ್ನು ಕಳೆದುಕೊಂಡಿತು ಎಂದು ಹುಡುಕಿ. ಸಿಗದಿದ್ದರೆ ಆ ಸಾಲನ್ನು ಹೊಡೆದುಹಾಕಿ ಮತ್ತೊಮ್ಮೆ ಓದಿ ನೋಡಿ.